ಅಳೆದಿದ್ದು ಒಂದು ಲೇಯರು, ಕೇಳಿದ್ದು ಇನ್ನೊಂದು ಲೇಯರು

ಹೋದ ತಿಂಗ್ಳು ದಾವಣಗೆರೇಲಿ ಒಂದು ಭಾನುವಾರ ಬೆಳಿಗ್ಗೆ ಕಾನೂನು ಓದೋ ಹುಡುಗ್ರು, ಹೊಸ್ದಾಗಿ ಡ್ಯೂಟಿಗೆ ಸೇರಿದ ಪಿಎಸ್‌ಐಗಳು, ಒಂದಷ್ಟು ಜೂನಿಯರ್ ವಕೀಲ್ರು ಸೇರಿದ್ದ ಕಡೆ ಮಾತಾಡಿದ್ದೆ. ಅಪರಾಧ ನಡೆದ ಜಾಗದ ನಕ್ಷೆನ ಕಂಪ್ಯೂಟರ್‌ನಲ್ಲಿ ಬರೆದು ಕೋರ್ಟ್ ಮುಂದೆ ಇಡೋದು ಹೆಂಗೆ ಅನ್ನೋದು ವಿಷಯ. ಬರೋಕಾಗದೇ ಇದ್ದೋರು ಬರೆದು ಹಾಕಿ ಸಾರ್ ಅಂತ ಕೇಳಿದ್ರು, ಅದ್ಕೆ ಮಾತಾಡಿದ ಹಂಗೇ ಬರೀತಿದೀನಿ, ಅವತ್ತು ಹೇಳೋಕೆ ಮರೆತಿದ್ದ ಒಂದೆರಡು ಮಾತೂ ಸೇರಿಸಿದೀನಿ.

ಮೊದ್ಲು ಸ್ಕ್ರೀನ್ ಮೇಲೆ ಒಂದು ಹಳೇ ಕೈನಕ್ಷೆ ಹಾಕಿದೆ, ಹೆಸ್ರು ಊರು ಕ್ರೈಂ ನಂಬರ್ ಎಲ್ಲಾ ಮುಚ್ಚಿ. ಎರಡು ಗೆರೆ ಎಳೆದು ರಸ್ತೆ ಅಂತ ಬರೆದಿದೆ, ಪಕ್ಕದಲ್ಲಿ ಒಂದು ಗುಂಡಗಿನ ಗುರುತು ಹಾಕಿ ಮರ ಅಂತ ಬರೆದಿದೆ, ನಡುವೆ ಒಂದು ಇಂಟು ಮಾರ್ಕು, ಅದು ಘಟನೆ ನಡೆದ ಸ್ಥಳ. ಅಷ್ಟೇ. ನಾನು ಕೇಳಿದೆ, ರಾತ್ರಿ ಒಂಬತ್ತೂವರೆಗೆ ನಡೆದ ಗಲಾಟೆ ಇದು, ನೋಡಿದೋನು ಬೀದಿದೀಪದ ಬೆಳಕಲ್ಲಿ ನೋಡ್ದೆ ಅಂತಾನೆ, ಆ ದೀಪದ ಕಂಬ ಎಲ್ಲಿದೆ ತೋರಿಸ್ರಿ ನೋಡಣ. ಯಾರೂ ಮಾತಾಡ್ಲಿಲ್ಲ, ಯಾಕಂದ್ರೆ ಕಂಬಾನೇ ಬರೆದಿಲ್ಲ. ಆ ಹೊತ್ತಿಗೆ ಕರೆಂಟ್ ಇತ್ತು ಅಂತ ಬೆಸ್ಕಾಂನಿಂದ ಪತ್ರ ತಂದು ಫೈಲಿಗೆ ಸೇರಿಸಿರ್ತಾರೆ, ಪತ್ರಕ್ಕೆ ನಿಶಾನೆ ನಂಬರೂ, ಅಂದ್ರೆ ಕೋರ್ಟ್ ದಾಖಲೆಗೆ ಹಾಕೋ ನಂಬರೂ ಬಿದ್ದಿರುತ್ತೆ, ಆದ್ರೆ ಕರೆಂಟ್ ಇದ್ದ ಮಾತ್ರಕ್ಕೆ ಆ ಜಾಗದಲ್ಲಿ ಬೆಳಕಿತ್ತಾ? ಕಂಬ ಹತ್ತು ಅಡಿ ದೂರ ಇದ್ರೆ ಒಂದು ಲೆಕ್ಕ, ನೂರು ಅಡಿ ದೂರ ಇದ್ರೆ ಇನ್ನೊಂದು ಲೆಕ್ಕ. ಡಿಫೆನ್ಸ್ ವಕೀಲ್ರು ಪಾಟೀಸವಾಲಲ್ಲಿ, ಅಂದ್ರೆ ಎದುರು ಕಡೆ ಸಾಕ್ಷಿನ ಪ್ರಶ್ನೆ ಕೇಳುವಾಗ, ಮೊದ್ಲು ಹಿಡಿಯೋ ಎಳೆ ಇದೇ.

ನಕ್ಷೆ ಯಾಕೆ ಬೇಕು ಅನ್ನೋದ್ನ ನಾವು ಸರಿಯಾಗಿ ಯೋಚ್ನೆ ಮಾಡಿರಲ್ಲ. ಜಡ್ಜು ಆ ಜಾಗಕ್ಕೆ ಹೋಗಿರಲ್ಲ. ಕೇಸು ವಿಚಾರಣೆಗೆ ಬರೋ ಹೊತ್ತಿಗೆ ವರ್ಷಗಳು ಕಳೆದಿರ್ತವೆ, ಸಾಕ್ಷಿಗೂ ಅರ್ಧ ಮರೆತಿರುತ್ತೆ, ಜಾಗಾನೂ ಹಂಗೇ ಇರಲ್ಲ. ನಮ್ಮೂರನ್ನೇ ನೋಡ್ರಿ, 2016ರಲ್ಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟೀಲೇ ದಾವಣಗೆರೆ ಹೆಸರು ಬಂತು, ಆಮೇಲೆ ಎಷ್ಟು ರಸ್ತೆ ಅಗೆದ್ರು, ಎಷ್ಟು ಫುಟ್‌ಪಾತ್ ಎತ್ತರ ಆದ್ವು, ಎಷ್ಟು ಚರಂಡಿ ಮುಚ್ಚಿದ್ವು. ಹೈವೇ ಕಡೆ ಹೋದ್ರೆ ಮೊದ್ಲು ನೇರ ದಾಟ್ತಿದ್ದ ಕಡೆ ಈಗ ಸರ್ವೀಸ್ ರೋಡಲ್ಲಿ ಹೋಗಿ ಕೆಳಗಿಂದ ತೂರಬೇಕು. ಮೂರು ವರ್ಷ ಬಿಟ್ಟು ಯಾರಾದ್ರೂ ಹೋಗಿ ನೋಡಿದ್ರೆ ಅವತ್ತಿನ ಜಾಗ ಅಲ್ಲಿ ಇರಲ್ಲ, ಅದು ಉಳಿಯೋದು ಮಹಜರಲ್ಲಿ (ಪೊಲೀಸ್ನೋರು ಸ್ಥಳ ನೋಡಿ ಬರೆಯೋ ದಾಖಲೇಲಿ), ಫೋಟೋದಲ್ಲಿ, ನಕ್ಷೇಲಿ ಮಾತ್ರ.

ಇದು ಹೊಸ ಮಾತೇನಲ್ಲ. ಆಸ್ಟ್ರಿಯಾದ ಹಾನ್ಸ್ ಗ್ರಾಸ್ 1893ರಲ್ಲೇ ತನಿಖೆ ಮಾಡೋರಿಗೆ ಅಂತ ಬರೆದ ಕೈಪಿಡೀಲಿ ಜಾಗದ ನಕ್ಷೆ ಬರೆಯೋದ್ನ ಹೇಳಿಕೊಟ್ಟಿದ್ದ, ಪ್ಯಾರಿಸ್ ಪೊಲೀಸ್‌ನಲ್ಲಿದ್ದ ಆಲ್ಫೋನ್ಸ್ ಬರ್ಟಿಲಾನ್ ಫೋಟೋಗೇ ಅಳತೆ ಪಟ್ಟಿ ಸೇರಿಸಿ ಫೋಟೋ ನೋಡೇ ದೂರ ಲೆಕ್ಕ ಹಾಕೋ ಹಂಗೆ ಮಾಡಿದ್ದ. ನಮ್ಮ ಕಡೆ ರೂಢಿ ಏನಪ್ಪಾ ಅಂದ್ರೆ ಎರಡು ನಕ್ಷೆ ಇರ್ತವೆ. ಮಹಜರ್ ದಿನ ತನಿಖಾಧಿಕಾರಿ ಪಂಚರ, ಅಂದ್ರೆ ಮಹಜರ್‌ಗೆ ಸಾಕ್ಷಿಯಾಗಿ ಕರೆದೋರ ಮುಂದೆ ಬರೆಯೋ ಕಚ್ಚಾ ನಕ್ಷೆ ಒಂದು, ಆಮೇಲೆ ಸ್ಟೇಷನ್ನಿಂದ ಪತ್ರ ಬರೆದು ಇಂಜಿನಿಯರ್ ಕೈಲಿ ಮಾಡಿಸೋ ಅಳತೆ ನಕ್ಷೆ ಇನ್ನೊಂದು. ಎರಡನೇದು ಆಗೋದು ಕೆಲವು ಸಲ ವಾರಕ್ಕೆ, ಕೆಲವು ಸಲ ತಿಂಗಳುಗಳಾದ್ಮೇಲೆ. ನಾನು ಸರ್ಕಾರಿ ಕೆಲಸದಲ್ಲಿದ್ದಾಗ ಆ ಎರಡನೇ ಥರದ ನಕ್ಷೆ ಬರೀತಿದ್ದೋನು, ಮೊದ್ಲು ಟ್ರೇಸಿಂಗ್ ಪೇಪರ್ ಮೇಲೆ ಇಂಕಲ್ಲಿ, ಆಮೇಲೆ ಕಂಪ್ಯೂಟರಲ್ಲಿ.

ನನ್ನ ಒಂದು ತಪ್ಪು ಹೇಳ್ತೀನಿ, ಇಡೀ ಮಾತು ನಿಂತಿರೋದೇ ಅದ್ರ ಮೇಲೆ. ಒಂದು ಹಳ್ಳೀಲಿ ಹೊಲದ ಬದುವಿನ ಮೇಲೆ ಜಗಳ ಆಗಿ ಒಬ್ಬ ಸತ್ತಿದ್ದ. ಘಟನೆ ಆಗಿದ್ದು ಆಗಸ್ಟ್ ಕೊನೇಲಿ, ನಂಗೆ ನಕ್ಷೆಗೆ ಪತ್ರ ಬಂದಿದ್ದು ಜನವರೀಲಿ. ಜೊತೆಗೆ ಬಂದ ಪೊಲೀಸಪ್ಪ ಇಲ್ಲಿ ಹೆಣ ಬಿದ್ದಿತ್ತು ಸಾರ್, ಅಲ್ಲಿ ಆ ಕಟ್ಟೆ ಹತ್ರ ಸಾಕ್ಷಿ ನಿಂತಿದ್ದ ಅಂತ ತೋರಿಸ್ದ. ನಾನು ಟೇಪ್ ಹಿಡಿಸಿ ಅಳೆದೆ, 38 ಮೀಟರ್. ಆಫೀಸಿಗೆ ಬಂದು ಕಂಪ್ಯೂಟರಲ್ಲಿ ಬಹಳ ಚೆಂದ ಬರೆದೆ, ಹೆಣದ ಜಾಗಕ್ಕೆ ಎ, ಸಾಕ್ಷಿ ಜಾಗಕ್ಕೆ ಬಿ, ಎರಡಕ್ಕೂ ನಡುವೆ ಚುಕ್ಕೆ ಗೆರೆ, ಗೆರೆ ಮೇಲೆ 38.00 ಮೀಟರ್, ನಡುವೆ ಜಮೀನು ಅಂತ. ಪ್ರಿಂಟ್ ನೋಡಿ ನಂಗೇ ಖುಷಿ ಆಗಿತ್ತು.

ಕೋರ್ಟಲ್ಲಿ ವಕೀಲ್ರು ಕೇಳಿದ್ದು ನಾಲ್ಕೇ ಪ್ರಶ್ನೆ. ಬಿ ಅನ್ನೋ ಜಾಗ ನಿಮಗೆ ತೋರಿಸಿದ್ದು ಯಾರು? ಪೊಲೀಸ್ನೋರು. ಸಾಕ್ಷಿ ಅವತ್ತು ನಿಮ್ಮ ಜೊತೆ ಬಂದಿದ್ನಾ? ಇಲ್ಲ. ನೀವು ಹೋದಾಗ ಹೊಲದಲ್ಲಿ ಬೆಳೆ ಇತ್ತಾ? ಇಲ್ಲ, ಖಾಲಿ ಇತ್ತು. ಆಗಸ್ಟ್‌ನಲ್ಲಿ ಆ ಹೊಲದಲ್ಲಿ ಏನಿತ್ತು ಅಂತ ಗೊತ್ತಾ? ಗೊತ್ತಿಲ್ಲ. ಗೊತ್ತಿಲ್ಲ ಅಂದೆ, ಆದ್ರೆ ದಾವಣಗೆರೆ ಸೀಮೇಲಿ ಆಗಸ್ಟ್ ಕೊನೇಲಿ ಹೊಲದಲ್ಲಿ ಏನಿರುತ್ತೆ ಅಂತ ಆ ಕೋರ್ಟ್ ಹಾಲಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೆಕ್ಕೆಜೋಳ. ಆಳೆತ್ತರ ದಾಟಿ ನಿಂತಿರುತ್ತೆ, ಹತ್ತು ಸಾಲು ಆಚೆ ಎತ್ತು ನಿಂತ್ರೂ ಕಾಣಲ್ಲ. ನನ್ನ ಚುಕ್ಕೆ ಗೆರೆ ಮಾತ್ರ ಖಾಲಿ ಬಿಳಿ ಕಾಗದದ ಮೇಲೆ ಸಲೀಸಾಗಿ ಆ ಕಡೆಯಿಂದ ಈ ಕಡೆಗೆ ಹೋಗಿತ್ತು. ಆರೋಪಿ ಆ ಕೆಲಸ ಮಾಡಿದ್ನೋ ಇಲ್ವೋ ನಂಗೆ ಗೊತ್ತಿಲ್ಲ, ಅದನ್ನ ತೀರ್ಮಾನ ಮಾಡೋದು ನನ್ನ ಕೆಲಸಾನೂ ಅಲ್ಲ. ನಂಗೆ ಸಂಕಟ ಆಗಿದ್ದು ಏನಂದ್ರೆ, ನಾನು ಕಣ್ಣಾರೆ ಕಾಣದೇ ಇರೋದ್ನ ಕಂಡಷ್ಟೇ ದಪ್ಪ ಗೆರೇಲಿ, ಅಳೆದಷ್ಟೇ ಖಚಿತವಾಗಿ ಬರೆದು ಕೆಳಗೆ ಸಹಿ ಹಾಕಿದ್ದೆ.

ಇದಕ್ಕೆ ಕಾನೂನು ಮೊದ್ಲೇ ದಾರಿ ಹೇಳಿಟ್ಟಿದೆ, ನಾನು ಓದಿಕೊಂಡಿದ್ದು ಮಾತ್ರ ಆಮೇಲೆ. ತೋರಿ ಸಿಂಗ್ ವಿರುದ್ಧ ಉತ್ತರ ಪ್ರದೇಶ ಸರ್ಕಾರ ಅಂತ ಒಂದು ಕೇಸಿದೆ, ಎಐಆರ್ ಅನ್ನೋ ತೀರ್ಪುಗಳ ಸಂಪುಟದಲ್ಲಿ 1962 ಸುಪ್ರೀಂ ಕೋರ್ಟ್ 399. ಅಲ್ಲಿ ಸಬ್ ಇನ್ಸ್‌ಪೆಕ್ಟರ್ ಬರೆದ ನಕ್ಷೇಲಿ ಸತ್ತೋನು ಪೆಟ್ಟು ಬಿದ್ದಾಗ ಎಲ್ಲಿದ್ದ ಅಂತ ಗುರುತು ಇತ್ತು, ಆ ಗುರುತು ಹಿಡಕೊಂಡು ವಾದ ಮಾಡಿದ್ರು. ಕೋರ್ಟ್ ಹೇಳಿದ್ದು, ಆ ಗುರುತು ಅಧಿಕಾರಿ ಕಂಡಿದ್ದಲ್ಲ, ಸಾಕ್ಷಿಗಳು ಅವನಿಗೆ ಹೇಳಿದ್ದು, ಅಂದ್ಮೇಲೆ ಅದು ಪೊಲೀಸ್ ಮುಂದೆ ಕೊಟ್ಟ ಹೇಳಿಕೆ ಥರಾನೇ, ಅಂಥ ಹೇಳಿಕೆನ ಸಾಕ್ಷ್ಯವಾಗಿ ಬಳಸೋಕೆ ಹಳೇ ಸಿಆರ್‌ಪಿಸಿ, ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆ, 162ನೇ ಸೆಕ್ಷನ್ ಅಡ್ಡ ಬರುತ್ತೆ ಅಂತ. 1996ರ ಜಗದೀಶ್ ನಾರಾಯಣ್ ಕೇಸಲ್ಲೂ ಇದೇ ಮಾತು, ತನಿಖಾಧಿಕಾರಿ ತಾನು ನೋಡಿದ್ದನ್ನ ನಕ್ಷೇಲಿ ಬರೀಬಹುದು, ಅದು ನೇರ ಸಾಕ್ಷ್ಯ, ಬೇರೆಯೋರಿಂದ ಕೇಳಿ ಬರೆದ್ರೆ ಅದು ಬರೀ ಕೇಳಿದ ಮಾತು. ಈಗ ಸಿಆರ್‌ಪಿಸಿ ಹೋಗಿ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್, ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, 162 ಅನ್ನೋದು 181 ಆಗಿದೆ, ತಿರುಳು ಅದೇ. ನಮ್ಮಂಥ ಪೊಲೀಸರಲ್ಲದ ನಕ್ಷೆಗಾರರಿಗೆ ಸಾಕ್ಷಿ ತಾನೇ ಬಂದು ಜಾಗ ತೋರಿಸಿ, ಆಮೇಲೆ ಕೋರ್ಟಲ್ಲಿ ನಿಂತು ನಾನೇ ತೋರಿಸಿದ್ದೆ ಅಂದ್ರೆ ಆ ಗುರುತಿಗೆ ಒಂದು ಬೆಲೆ ಇದೆ. ಸಾಕ್ಷಿ ಬರ್ಲೇ ಇಲ್ಲ, ಪೊಲೀಸ್ನೋರು ಬಾಯಲ್ಲಿ ಹೇಳಿದ್ರು, ನಾನು ಬರೆದೆ ಅಂದ್ರೆ ಅದಕ್ಕೆ ಕಾಲಿಲ್ಲ.

ಇನ್ನೊಂದು ಸಣ್ಣ ವಿಷಯ ಇದೆ, ವಕೀಲ್ರಿಗೂ ಕೆಲವ್ರಿಗೆ ನೆನಪಿರಲ್ಲ. ಹಳೇ ಸಾಕ್ಷ್ಯ ಕಾಯ್ದೆ 83ನೇ ಸೆಕ್ಷನ್ ಪ್ರಕಾರ ಸರ್ಕಾರ ಮಾಡಿಸಿದ ನಕ್ಷೆ, ಅಂದ್ರೆ ಸರ್ವೆಯವ್ರ ಗ್ರಾಮನಕ್ಷೆ ಥರದ್ದು, ಸರಿ ಇದೆ ಅಂತಲೇ ಕೋರ್ಟ್ ಅಂದ್ಕೊಳುತ್ತೆ. ಆದ್ರೆ ಒಂದು ಕೇಸಿಗೆ ಅಂತಲೇ ಮಾಡಿದ ನಕ್ಷೆ ಇದ್ರೆ ಅದು ಸರಿ ಇದೆ ಅಂತ ರುಜುವಾತು ಮಾಡ್ಬೇಕು, ಹೊಸ ಕಾಯ್ದೇಲೂ ಇದು ಉಳಿದಿದೆ. ಇಂಜಿನಿಯರ್ ಸಹಿ ಸೀಲು ಇದೆ ಅಂದ ಮಾತ್ರಕ್ಕೆ ಮುಗೀಲಿಲ್ಲ.

ಈಗ ಸಾಫ್ಟ್‌ವೇರ್ ವಿಷಯಕ್ಕೆ ಬರ್ತೀನಿ. ಎಲ್ಲರೂ ಮೊದ್ಲು ಕೇಳೋದು ಯಾವ್ದು ಒಳ್ಳೇದು ಅಂತ. ವಿಸಿಯೋ ಇದೆ, 1992ರಲ್ಲಿ ಶುರುವಾಗಿದ್ದು, 2000ದಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಳ್ತು, ಮನೆ ಪ್ಲಾನ್ ಬರೆಯೋ ಟೆಂಪ್ಲೇಟ್ ಅದ್ರಲ್ಲೇ ಇದೆ. ಸ್ಮಾರ್ಟ್‌ಡ್ರಾ ಅನ್ನೋದ್ರಲ್ಲಿ ಅಪರಾಧ ಸ್ಥಳಕ್ಕೆ, ಆ್ಯಕ್ಸಿಡೆಂಟ್‌ಗೆ ಅಂತಲೇ ರೆಡಿ ಚಿತ್ರಗಳಿವೆ. ಫಾರೋ ಥರದ ಕಂಪ್ನಿಯೋರ ಲೇಸರಲ್ಲಿ ಜಾಗ ಅಳೆಯೋ ಸ್ಕ್ಯಾನರ್, ಅದ್ರ ಸಾಫ್ಟ್‌ವೇರ್ ಎಲ್ಲಾ ನಮ್ಮ ಠಾಣೆ ಮಟ್ಟಕ್ಕೆ ದುಡ್ಡಿನ ಮಾತು. ಕಾಸಿಲ್ಲದೆ ಸಿಗೋದ್ರಲ್ಲಿ ಡ್ರಾ ಡಾಟ್ ಐಓ, ಲಿಬ್ರೆ ಆಫೀಸ್ ಡ್ರಾ, ಇಂಕ್‌ಸ್ಕೇಪ್ ಇವೆ, ಮನೆ ಒಳಗಿನ ಜಾಗಕ್ಕೆ ಸ್ವೀಟ್ ಹೋಮ್ ತ್ರೀಡಿ ಸಾಕಾಗುತ್ತೆ. ಯಾವ್ದಾದ್ರೂ ಸರಿ, ನಾನು ಒಂದೇ ನೋಡೋದು, ಅದ್ರಲ್ಲಿ ಲೇಯರ್ ಮಾಡೋಕೆ ಬರುತ್ತಾ ಅಂತ.

ಲೇಯರ್ ಅಂದ್ರೆ ಹಳೇ ಟ್ರೇಸಿಂಗ್ ಪೇಪರ್ ಥರಾನೇ, ಒಂದರ ಮೇಲೊಂದು ಹಾಳೆ ಇಟ್ಟಂಗೆ. ನಾನು ಈಗ ಮಾಡೋದು ಹಿಂಗೆ. ಕೆಳಗಿನ ಲೇಯರಲ್ಲಿ ನಾನೇ ಟೇಪ್ ಹಿಡಿದು ಅಳೆದ, ನಾನೇ ಕಣ್ಣಲ್ಲಿ ಕಂಡ ವಸ್ತು ಮಾತ್ರ, ಗೋಡೆ, ಬಾಗಿಲು, ರಸ್ತೆ, ಕಂಬ, ಬಾವಿ. ಅದ್ರ ಮೇಲೆ ಮಹಜರ್ ಲೇಯರು, ಪಂಚರ ಮುಂದೆ ಸಿಕ್ಕ ಚಾಕು, ಚಪ್ಪಲಿ, ರಕ್ತದ ಕಲೆ, ಮುದ್ದೆಮಾಲು (ಕೇಸಲ್ಲಿ ಜಪ್ತಿ ಆದ ವಸ್ತು) ನಂಬರ್ ಸಮೇತ, ಇದನ್ನ ಹೇಳಬೇಕಾದೋರು ಮಹಜರ್ ಮಾಡಿದ ಅಧಿಕಾರಿ ಮತ್ತೆ ಪಂಚರು, ನಾನಲ್ಲ. ಅದರ ಮೇಲಿನ ಲೇಯರು ಸಾಕ್ಷಿಗಳದ್ದು. ಅದನ್ನ ನಾನು ಖಾಲಿ ಬಿಟ್ಟೇ ಪ್ರಿಂಟ್ ಕೊಡೋದು. ಸಾಕ್ಷಿ ಕಟಕಟೇಲಿ ನಿಂತು, ಸಾರ್ ನಾನು ಇಲ್ಲಿದ್ದೆ ಅಂತ ತಾನೇ ಪೆನ್ನಲ್ಲಿ ಗುರುತು ಹಾಕ್ಲಿ, ಆಗ ಆ ಗುರುತು ಅವನದ್ದು, ಪಾಟೀಸವಾಲೂ ಅವನಿಗೇ. ಸುಪ್ರೀಂ ಕೋರ್ಟ್ ಅವತ್ತು ಹೇಳಿದ್ದು, ಕಂಪ್ಯೂಟರ್ ಇವತ್ತು ಲೇಯರ್ ಅಂತ ಕೊಟ್ಟಿರೋದು ಎರಡೂ ಕೂಡ್ಕೊಂಡ್ವಲ್ಲ ಅಂತ ಗೊತ್ತಾದ ದಿನ ನಂಗೆ ರಾತ್ರಿ ನಿದ್ದೆ ಬಂದಿರ್ಲಿಲ್ಲ.

ಒಬ್ರು ಪಿಎಸ್‌ಐ ಕೇಳಿದ್ರು, ಪೊಲೀಸ್ ನಾಯಿ ಓಡಿದ ದಾರಿ ಯಾವ ಲೇಯರ್ ಸಾರ್ ಅಂತ. ಚೆನ್ನಾಗಿರೋ ಪ್ರಶ್ನೆ, ನಮ್ಮ ದಾವಣಗೆರೆ ಶ್ವಾನದಳದ ತುಂಗಾ ಹೆಸರು ಕೇಳದೇ ಇರೋರು ಇಲ್ಲಿ ಯಾರಿದಾರೆ. ನಾಯಿ ಹಿಂದೆ ಓಡಿದ ಪೊಲೀಸ್ನೋರು ಆ ದಾರಿನ ತಾವೇ ಕಂಡಿದಾರೆ, ಹಂಗಾಗಿ ಅವ್ರ ನಕ್ಷೇಲಿ ಬರೀಬಹುದು, ನಾಯಿ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು ಅಂತ. ಆರೋಪಿ ಓಡಿಹೋದ ದಾರಿ ಅಂತ ಮಾತ್ರ ಬರೀಬೇಡ್ರಿ. ನಾಯಿ ಓಡಿದ ದಾರಿ ಅಂತ ಬರೀರಿ.

ಅಳತೆ ತಗೊಳೋದ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಚಿತ್ರ ಎಷ್ಟೇ ಚೆಂದ ಇದ್ರೂ ಕೆಳಗೆ ಅಳತೆ ಇಲ್ದಿದ್ರೆ ಅದು ರಂಗೋಲಿ. ಒಂದು ವಸ್ತು ಎಲ್ಲಿತ್ತು ಅಂತ ಹೇಳೋಕೆ ಒಂದು ದೂರ ಸಾಲಲ್ಲ. ಕಂಬದಿಂದ ಹತ್ತು ಅಡಿ ಅಂದ್ರೆ ಕಂಬದ ಸುತ್ತ ಯಾವ ದಿಕ್ಕಲ್ಲಾದ್ರೂ ಇರಬಹುದು. ಅಲುಗಾಡದ ಎರಡು ಜಾಗ ಹಿಡೀರಿ, ಎರಡರಿಂದಲೂ ಅಳೀರಿ. ಸಾಫ್ಟ್‌ವೇರಲ್ಲಿ ಮೊದಲ ಜಾಗದ ಸುತ್ತ ಮೊದಲ ದೂರಕ್ಕೆ ಒಂದು ವೃತ್ತ, ಎರಡನೇ ಜಾಗದ ಸುತ್ತ ಎರಡನೇ ದೂರಕ್ಕೆ ಇನ್ನೊಂದು ವೃತ್ತ ಬರೀರಿ, ಎರಡೂ ಕತ್ತರಿಸೋ ಕಡೆ ನಿಮ್ಮ ವಸ್ತು. ವೃತ್ತಗಳು ಎರಡು ಕಡೆ ಕತ್ತರಿಸ್ತವೆ ಅನ್ನೋದು ನೆನಪಿರ್ಲಿ, ರಸ್ತೆ ಎಡಕ್ಕೋ ಬಲಕ್ಕೋ ಅಂತ ನೋಟ್‌ಬುಕ್ಕಲ್ಲಿ ಅಲ್ಲೇ ಬರ್ಕೊಂಡಿರ್ಬೇಕು. ಮೂರನೇ ಜಾಗದಿಂದಲೂ ಒಂದು ಅಳತೆ ತಗೊಂಡ್ರೆ ಬಹಳ ಒಳ್ಳೇದು, ಮೂರನೇ ವೃತ್ತ ಅದೇ ಬಿಂದು ಮೇಲೆ ಹೋಗ್ಬೇಕು, ಅರ್ಧ ಮೀಟರ್ ಆಚೆ ಹೋದ್ರೆ ಯಾರೋ ಟೇಪ್ ತಪ್ಪು ಓದಿದಾರೆ ಅಂತ, ಜಾಗದಲ್ಲೇ ಇದ್ದಾಗ ಗೊತ್ತಾದ್ರೆ ತಿದ್ದಬಹುದು.

ಅಲುಗಾಡದ ಜಾಗ ಅಂದ್ರೆ ಯಾವ್ದು? ನಮ್ಮ ಹಳ್ಳಿ ಕಡೆ ಮಹಜರಲ್ಲಿ ಬಣವೆಯಿಂದ ಇಷ್ಟು ಅಡಿ ಅಂತ ಬರೆದಿದ್ದು ನೋಡಿದೀನಿ. ಬಣವೆ ದನ ತಿಂದ್ಹಾಕ್ತವೆ ಸ್ವಾಮಿ, ಮುಂದಿನ ಸುಗ್ಗಿಗೆ ಇನ್ನೊಂದು ಕಡೆ ಒಟ್ಟುತಾರೆ. ಮರ ಕಡೀತಾರೆ, ಗುಡ್ಲು ಕೀಳ್ತಾರೆ. ಬಾಂದ್ ಕಲ್ಲು, ಬಾವಿ ಕಟ್ಟೆ, ಮೋರಿ, ಕೆರೆ ತೂಬು, ಕಾಲುವೆ ಸೇತುವೆ, ದೇವಸ್ಥಾನದ ಗೋಡೆ ಮೂಲೆ, ನಂಬರ್ ಬರೆದಿರೋ ಕಂಬ ಇಂಥವು ಹಿಡೀರಿ. ಮೊಬೈಲ್ ಜಿಪಿಎಸ್ ಆ ಊರು ಆ ಹೊಲ ಅಂತ ತೋರಿಸೋಕೆ ಸರಿ, ಆದ್ರೆ ಅದು ಎಷ್ಟೋ ಮೀಟರ್ ಆಚೀಚೆ ತೋರಿಸುತ್ತೆ, ಕೋಣೆ ಒಳಗೆ ಚಾಕು ಎಲ್ಲಿತ್ತು ಅಂತ ಹೇಳೋಕೆ ಅದನ್ನ ನಂಬಬೇಡಿ. ಬಯಲಲ್ಲಿ ನೇರ ಮೂಲೆ ಬೇಕಾದ್ರೆ ಮೇಸ್ತ್ರಿಗಳು ಪಾಯ ಹಾಕುವಾಗ ಮಾಡೋದೇ ಮಾಡ್ರಿ, ಒಂದು ಕಡೆ 3, ಇನ್ನೊಂದು ಕಡೆ 4, ಅಡ್ಡ 5.

ಇನ್ನು ಸಾಫ್ಟ್‌ವೇರೇ ಕೊಡೋ ತೊಂದ್ರೆಗಳು. ಇವನ್ನ ಯಾರೂ ಹೇಳಿಕೊಡಲ್ಲ. ಸ್ನ್ಯಾಪ್ ಅಂತ ಒಂದಿದೆ, ಗೆರೆ ಎಳೆಯುವಾಗ ಅದೇ ಹತ್ತಿರದ ಚೌಕಕ್ಕೆ ಎಳ್ಕೊಂಡು ಬಿಡುತ್ತೆ. ನೀವು 2.37 ಮೀಟರ್ ಅಳೆದಿರ್ತೀರಿ, ಅದು ತಾನಾಗೇ 2.40 ಮಾಡುತ್ತೆ, ಸೊಟ್ಟ ಗೋಡೆನ ನೇರ ಮಾಡುತ್ತೆ, ನಿಮಗೆ ಗೊತ್ತೇ ಆಗಲ್ಲ. ನಮ್ಮ ಹಳೇ ಮನೆ, ಮಂಡಕ್ಕಿ ಭಟ್ಟಿ, ಗೋಡೌನು ಯಾವ್ದೂ ನೇರ ಮೂಲೆ ಇರಲ್ಲ. ಪಾಟೀಸವಾಲಲ್ಲಿ ಮಹಜರಲ್ಲಿ 2.37, ನಕ್ಷೇಲಿ 2.40, ಯಾವ್ದು ನಿಜ ಅಂತ ಕೇಳಿದ್ರೆ ಕಂಪ್ಯೂಟರ್ ಹಂಗೆ ಮಾಡ್ತು ಅಂತ ಹೇಳೋಕಾಗುತ್ತಾ? ಸ್ನ್ಯಾಪ್ ಆಫ್ ಮಾಡಿ, ಅಳತೆನ ಬೆರಳಲ್ಲಿ ಟೈಪ್ ಮಾಡಿ ಹಾಕ್ರಿ, ಮೌಸಲ್ಲಿ ಎಳೀಬೇಡಿ.

ಎರಡನೇದು ರೆಡಿ ಚಿತ್ರಗಳು. ಟೆಂಪ್ಲೇಟಲ್ಲಿರೋ ಸೋಫಾ, ಮಂಚ ಎಲ್ಲಾ ಎಲ್ಲೋ ಬೇರೆ ದೇಶದ ಅಳತೆವು, ನಮ್ಮ ಮನೆ ಪಡಸಾಲೇಲಿ ಆ ಮಂಚ ಹಿಡ್ಸೋದೇ ಇಲ್ಲ. ಹೆಣದ ಚಿತ್ರ ಅಂತ ಕೈಕಾಲು ಚಾಚಿ ಮಲಗಿರೋ ಆರಡಿ ಮನುಷ್ಯನ್ನ ಎಳೆದು ಹಾಕ್ತಾರೆ, ಸತ್ತಿರೋದು ಹದಿನಾರು ವರ್ಷದ ಹುಡುಗ, ಮಗ್ಗುಲಾಗಿ ಮಡಚ್ಕೊಂಡು ಬಿದ್ದಿದ್ದ. ಇದು ಬರೀ ಅಂದಚೆಂದದ ಮಾತಲ್ಲ, ಹೆಂಗೆ ಬಿದ್ದಿದ್ದ ಅನ್ನೋದ್ರ ಮೇಲೆ ಡಾಕ್ಟ್ರು ಪೋಸ್ಟ್‌ಮಾರ್ಟಂ ರಿಪೋರ್ಟಲ್ಲಿ ಹೇಳಿದ ಗಾಯಕ್ಕೂ ಸಾಕ್ಷಿ ಹೇಳೋ ಪೆಟ್ಟಿಗೂ ತಾಳೆ ನೋಡ್ತಾರೆ. ತಲೆ ಎಲ್ಲಿತ್ತು, ಸೊಂಟ ಎಲ್ಲಿತ್ತು, ಪಾದ ಎಲ್ಲಿತ್ತು, ಮೂರೂ ಅಳೆದು ಬರೀ ಗೆರೇಲಿ ಬರೀರಿ. ಕೆಂಪು ಬಣ್ಣದಲ್ಲಿ ರಕ್ತದ ಮಡುವಿನ ಚಿತ್ರ ಹಾಕೋದು ಬೇಡವೇ ಬೇಡ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾಮನ್‌ವೆಲ್ತ್ (ಅಂದ್ರೆ ಆ ರಾಜ್ಯ ಸರ್ಕಾರ) ವಿರುದ್ಧ ಸರ್ಜ್ ಅನ್ನೋ ಕೇಸಲ್ಲಿ ಪ್ರಾಸಿಕ್ಯೂಷನ್‌ನೋರು ಕೊಲೆ ಹೆಂಗೆ ಆಯ್ತು ಅಂತ ಕಂಪ್ಯೂಟರ್ ಆ್ಯನಿಮೇಷನ್ ತೋರಿಸಿದ್ರು, 2006ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನ ಒಪ್ತು. ಯಾಕೆ ಒಪ್ತು ಅನ್ನೋದು ಓದಬೇಕು. ಅದ್ರಲ್ಲಿ ಸೌಂಡ್ ಇರ್ಲಿಲ್ಲ, ಮುಖದಲ್ಲಿ ಭಾವ ಇರ್ಲಿಲ್ಲ, ಮನುಷ್ಯರ ಥರ ಓಡಾಟ ಇರ್ಲಿಲ್ಲ, ಕತೆ ಹೇಳೋ ಹಂಗೆ ದೃಶ್ಯ ಜೋಡಿಸಿರ್ಲಿಲ್ಲ, ರಕ್ತ ಗಾಯ ಇರ್ಲಿಲ್ಲ. ಇದು ಪ್ರಾಸಿಕ್ಯೂಷನ್ ಹೇಳೋದ್ರ ಚಿತ್ರ ಅಷ್ಟೇ ಅಂತ ಜ್ಯೂರಿಗೆ ಜಡ್ಜು ಮೊದ್ಲೇ ಹೇಳಿದ್ರು. ನಮ್ಮಲ್ಲಿ ಜ್ಯೂರಿ ಇಲ್ಲ, ಆದ್ರೂ ಜಡ್ಜೂ ಮನುಷ್ಯರೇ, ಕಣ್ಣಿಗೆ ಬಿದ್ದ ಚಿತ್ರ ಕಿವಿಗೆ ಬಿದ್ದ ಮಾತಿಗಿಂತ ಗಟ್ಟಿಯಾಗಿ ಕೂತ್ಬಿಡುತ್ತೆ. ಅದು ಸುಳ್ಳಾಗಿದ್ರೆ ತೆಗೆಯೋದು ಕಷ್ಟ, ಒಬ್ಬ ನಿರಪರಾಧಿ ಜೀವನ ಅದ್ರ ಕೆಳಗೆ ಸಿಕ್ಕಿ ಹಾಕ್ಕೊಳುತ್ತೆ.

ಎತ್ತರದ ಮಾತು ಒಂದು. ಪ್ಲಾನ್ ಅನ್ನೋದು ಮೇಲಿಂದ ನೋಡಿದ್ದು, ಅದ್ರಲ್ಲಿ ಕಾಂಪೌಂಡ್ ಗೋಡೆ ಒಂದು ಗೆರೆ ಅಷ್ಟೇ, ಎರಡಡಿ ಇದ್ರೂ ಅದೇ ಗೆರೆ, ಏಳಡಿ ಇದ್ರೂ ಅದೇ ಗೆರೆ. ನೋಡಿದ್ನಾ ಇಲ್ವಾ ಅನ್ನೋ ಪ್ರಶ್ನೆ ಇದ್ದಾಗ ಪಕ್ಕದಿಂದ ಕೊಯ್ದು ನೋಡಿದ ಹಂಗೆ ಇನ್ನೊಂದು ಚಿತ್ರ ಬೇಕು, ಗೋಡೆ ಎತ್ತರ, ಕಟ್ಟೆ ಎತ್ತರ, ಕೆರೆ ಏರಿ ಎತ್ತರ. ಬೆಳೆ ಇದ್ರೆ ಯಾವ ಬೆಳೆ, ಅವತ್ತು ಎಷ್ಟು ಎತ್ತರ ಇತ್ತು, ಅಳೆದ ತಾರೀಕು ಯಾವುದು ಇದೆಲ್ಲಾ ನಕ್ಷೆ ಮೇಲೇ ಇರಲಿ. ನಾನು ಹೋದಾಗ ಬೆಳೆ ಕಟಾವಾಗಿತ್ತು ಅಂತ ಒಂದು ಸಾಲು ಬರೆದಿದ್ರೆ ಅವತ್ತು ನನ್ನ ನಕ್ಷೆ ಸುಳ್ಳು ಹೇಳ್ತಿರ್ಲಿಲ್ಲ.

ಪ್ರಿಂಟ್ ವಿಷಯ ಸಣ್ಣದು ಅನ್ನಿಸುತ್ತೆ, ಕೆಲಸ ಕೆಡೋದು ಅಲ್ಲೇ. 1:100 ಅಂತ ಬರೆದು ಪ್ರಿಂಟ್ ಕೊಡ್ತೀರಿ, ಪ್ರಿಂಟರ್ ಹಾಳೆಗೆ ಹಿಡ್ಸೋಕೆ ಅಂತ ಚೂರು ಸಣ್ಣ ಮಾಡಿರುತ್ತೆ, ವಕೀಲ್ರು ಸ್ಕೇಲ್ ಇಟ್ಟು ಅಳೆದ್ರೆ ಒಂದೂ ತಾಳೆ ಆಗಲ್ಲ. ಅದ್ಕೆ ನಕ್ಷೆ ಒಳಗೇ ಒಂದು ಅಳತೆ ಪಟ್ಟಿ ಬರೀರಿ, 0, 5, 10 ಮೀಟರ್ ಅಂತ, ಚಿತ್ರ ಕುಗ್ಗಿದ್ರೆ ಪಟ್ಟೀನೂ ಜೊತೆಗೇ ಕುಗ್ಗುತ್ತೆ. ಆಮೇಲೆ ಝೆರಾಕ್ಸ್. ಆರೋಪಿ ಕಡೆಗೆ ಹೋಗೋ ಕಾಪಿ ಕಪ್ಪುಬಿಳುಪು, ನೀವು ನೀಲಿ ಕೆಂಪು ಹಸಿರಲ್ಲಿ ಬೇರೆ ಮಾಡಿದ್ದೆಲ್ಲ ಒಂದೇ ಬೂದಿ ಬಣ್ಣ ಆಗಿರುತ್ತೆ. ಬಣ್ಣ ನಂಬಬೇಡಿ, ಗೆರೇಲಿ ವ್ಯತ್ಯಾಸ ಮಾಡ್ರಿ, ತುಂಬು ಗೆರೆ, ತುಂಡು ಗೆರೆ, ಚುಕ್ಕೆ ಗೆರೆ. ವಿವರಣೆ ಕನ್ನಡದಲ್ಲೇ ಇರಲಿ, ಸಾಕ್ಷಿಗೂ ಪಂಚರಿಗೂ ಓದೋಕೆ ಬರ್ಬೇಕು. ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನ ಬೇರೆ ಕಂಪ್ಯೂಟರಲ್ಲಿ ತೆಗೆದ್ರೆ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗಿರುತ್ತೆ, ಯೂನಿಕೋಡಲ್ಲಿ ಬರೆದು ಪಿಡಿಎಫ್ ಮಾಡಿ ಕೊಡ್ರಿ.

ಫೈಲನ್ನೇ ಕೋರ್ಟಿಗೆ ಕೊಡೋದಾದ್ರೆ ಹೊಸ ಸಾಕ್ಷ್ಯ ಕಾಯ್ದೆ, ಅಂದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಸರ್ಟಿಫಿಕೇಟ್ ಬೇಕು, ಹಳೇ ಕಾಯ್ದೆಯ 65ಬಿ ಜಾಗಕ್ಕೆ ಬಂದಿದ್ದು. ಈಗ ಅದ್ರಲ್ಲಿ ಎರಡು ಭಾಗ, ಒಂದು ಫೈಲ್ ಕೊಡೋರು ತುಂಬೋದು, ಇನ್ನೊಂದು ಎಕ್ಸ್‌ಪರ್ಟ್ ತುಂಬೋದು, ಹ್ಯಾಶ್ ವ್ಯಾಲ್ಯೂನೂ ಬರೀಬೇಕು. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು ಅಂತ ತಿಳ್ಕೊಳ್ರಿ, ಒಂದು ಗೆರೆ ಸರಿಸಿದ್ರೂ ಅದು ಬದಲಾಗುತ್ತೆ. 2020ರಲ್ಲಿ ಅರ್ಜುನ್ ಪಂಡಿತರಾವ್ ಕೇಸಲ್ಲಿ ಸುಪ್ರೀಂ ಕೋರ್ಟ್ ಈ ಸರ್ಟಿಫಿಕೇಟ್ ಕಡ್ಡಾಯ ಅಂತ ಗಟ್ಟಿ ಮಾಡಿದೆ. ಹಂಗಾಗಿ ಹಳೇ ಫೈಲ್ ಮೇಲೇ ತಿದ್ದಿ ಸೇವ್ ಮಾಡೋದು ಬಿಡ್ರಿ, ಪ್ರತಿ ಸಲ ಹೊಸ ಹೆಸ್ರು, ತಾರೀಕು. ಜಾಗದಲ್ಲಿ ಬರ್ಕೊಂಡ ನೋಟ್‌ಬುಕ್ ಹಾಳೆ ಮಣ್ಣಾಗಿರ್ಲಿ, ಬೆವರಾಗಿರ್ಲಿ, ಎಸೀಬೇಡಿ, ಎಲ್ಲಕ್ಕೂ ಮೂಲ ಅದು. ಹೊಸ ಕಾನೂನಲ್ಲಿ 7 ವರ್ಷ ಅಥವಾ ಜಾಸ್ತಿ ಶಿಕ್ಷೆ ಇರೋ ಅಪರಾಧದಲ್ಲಿ ಫೋರೆನ್ಸಿಕ್‌ನೋರು ಸ್ಥಳಕ್ಕೆ ಬರ್ಬೇಕು, ಬಿಎನ್‌ಎಸ್‌ಎಸ್ 176ರ 3ನೇ ಉಪಸೆಕ್ಷನ್, ರಾಜ್ಯಗಳಿಗೆ 5 ವರ್ಷ ಟೈಮ್ ಕೊಟ್ಟಿದಾರೆ. ನಮ್ಮೂರಲ್ಲೇ ಪ್ರಾದೇಶಿಕ ಫೋರೆನ್ಸಿಕ್ ಲ್ಯಾಬ್ ಇದೆ. ಸರ್ಚು, ಜಪ್ತಿನ ವಿಡಿಯೋ ಮಾಡ್ಬೇಕು ಅಂತ ಅದೇ ಬಿಎನ್‌ಎಸ್‌ಎಸ್ 105ನೇ ಸೆಕ್ಷನ್ ಹೇಳುತ್ತೆ. ವಿಡಿಯೋ ಬಂದ್ಮೇಲೆ ನಕ್ಷೆ ಯಾಕೆ ಅಂತ ಒಬ್ಬ ಹುಡುಗ ಕೇಳ್ದ. ವಿಡಿಯೋದಲ್ಲಿ ದೂರ ಗೊತ್ತಾಗಲ್ಲಪ್ಪ, ಕ್ಯಾಮೆರಾ ಹತ್ರ ಹೋದ್ರೆ ಎಲ್ಲಾ ದೊಡ್ಡದು. ಮತ್ತೆ ವಿಡಿಯೋ, ಮಹಜರು, ನಕ್ಷೆ ಮೂರೂ ಒಂದಕ್ಕೊಂದು ಹೊಂದ್ಬೇಕು, ಮಹಜರಿನ ಚೆಕ್ಕುಬಂದೀಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ಪೂರ್ವಕ್ಕೆ ರಸ್ತೆ ಅಂತ ಬರೆದು ನಕ್ಷೇಲಿ ಪಶ್ಚಿಮಕ್ಕೆ ತೋರಿಸಿದ್ರೆ ಮೂರೂ ಹಾಳು.

ದಿಕ್ಕಿನ ಮಾತು ಬಂತಲ್ಲ, ಇದೊಂದು ಹೇಳಿ ಮುಗಿಸ್ತೀನಿ. ಒಂದು ಕೇಸಲ್ಲಿ ವಯಸ್ಸಾದ ಪಂಚ ಒಬ್ರು, ರೈತರು, ಅವ್ರ ಕೈಗೆ ನನ್ನ ನಕ್ಷೆ ಕೊಟ್ರು. ಉತ್ತರ ಮೇಲೆ ಇಟ್ಟು ಪದ್ಧತಿ ಪ್ರಕಾರ ಬರೆದಿದ್ದೆ. ಅವ್ರು ಬಹಳ ಹೊತ್ತು ನೋಡಿ, ಇದು ನಮ್ಮೂರಲ್ಲ ಸ್ವಾಮಿ ಅಂದ್ಬಿಟ್ರು. ಸರ್ಕಾರಿ ವಕೀಲ್ರ (ಪಿಪಿ) ಮುಖ ಬಾಡಿಹೋಯ್ತು, ಸಾಕ್ಷಿ ಉಲ್ಟಾ ಹೊಡೀತಿದೆ ಅಂತ ಅಂದ್ಕೊಂಡ್ರು. ಅಜ್ಜ ಸುಳ್ಳು ಹೇಳ್ತಿರ್ಲಿಲ್ಲ. ಅವ್ರು ಹುಟ್ಟಿದಾಗಿಂದ ಆ ಊರಿಗೆ ಬರೋದು ಉತ್ತರದ ಕಡೆ ರಸ್ತೆಯಿಂದ, ಅವ್ರ ಮನಸ್ಸಲ್ಲಿ ಹನುಮಪ್ಪನ ಗುಡಿ ಬಲಗಡೆ, ನನ್ನ ಕಾಗದದಲ್ಲಿ ಎಡಗಡೆ. ಅವ್ರೇ ಕಾಗದನ ತಲೆಕೆಳಗೆ ತಿರುಗಿಸಿದ್ರು, ಹಾಂ ಇದು ಗುಡಿ, ಇದು ನಮ್ಮ ಬಾವಿ, ಇಲ್ಲಿ ಆ ಹುಡುಗನ್ನ ನೋಡಿದ್ದು ಅಂತ ಬೆರಳಿಟ್ರು. ಅವತ್ತಿಂದ ಊರೊಳಗೆ ಬರೋ ದಾರಿ ಯಾವ್ದು ಅಂತ ಬಾಣ ಹಾಕಿ ನಕ್ಷೇಲಿ ಬರೀತೀನಿ, ಅಕ್ಷರಗಳನ್ನ ಎರಡೂ ಕಡೆಯಿಂದ ಓದೋ ಹಂಗೆ ಬೇರೆ ಪಟ್ಟೀಲಿ ಹಾಕ್ತೀನಿ.

ಮಾತು ಮುಗಿದ ಮೇಲೆ ಒಬ್ಬಳು ಹುಡುಗಿ ಬಂದು, ಸಾರ್ ಈ ಹಾಲನ್ನೇ ಬರೆದು ತೋರಿಸ್ತೀರಾ ಅಂದ್ಲು. ನಾನು ಬರೋವಾಗಲೇ ತೋರಿಸೋಕೆ ಅಂತ ಲ್ಯಾಪ್‌ಟಾಪಲ್ಲಿ ಬರ್ಕೊಂಡು ಬಂದಿದ್ದೆ, ಉದ್ದ ಅಗಲ ಕೇಳಿಕೊಂಡು ಒಂದು ಆಯತ ಎಳೆದಿದ್ದೆ. ಅವಳು ಟೇಪ್ ಇಸ್ಕೊಂಡು ಒಬ್ಬ ಪಿಎಸ್‌ಐ ಕೈಲಿ ಇನ್ನೊಂದು ತುದಿ ಹಿಡಿಸಿ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡೂ ಅಳೆದ್ಲು. ಎರಡಕ್ಕೂ 14 ಸೆಂಟಿಮೀಟರ್ ವ್ಯತ್ಯಾಸ ಬಂತು, ಹಾಲು ಸೊಟ್ಟ ಇತ್ತು. ಸಾರ್ ನಿಮ್ಮ ನಕ್ಷೆ ತಪ್ಪು ಅಂದ್ಲು. ಕುರ್ಚಿ ಬಿಟ್ಟುಕೊಟ್ಟೆ, ಆಯತ ಅಳಿಸಿ ಹೊಸ್ದಾಗಿ ಅವಳೇ ಬರೆದ್ಲು, ಕೆಳಗೆ ಅಳತೆ ತಗೊಂಡೋರು ಅನ್ನೋ ಕಡೆ ತನ್ನ ಹೆಸ್ರೂ ಆ ಪಿಎಸ್‌ಐ ಹೆಸ್ರೂ ಹಾಕಿದ್ಲು.